ಶಿವಮೊಗ್ಗ ಜಿಲ್ಲೆಯಲ್ಲಿ ಮನೆ ತೆರಿಗೆ: ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು

ಏಪ್ರಿಲ್ ತಿಂಗಳು ಬಂತೆಂದರೆ ಪಾಲಿಕೆಯ ಕೌಂಟರ್‌ಗಳಲ್ಲೂ ಗ್ರಾಮ ಪಂಚಾಯಿತಿ ಕಚೇರಿಗಳಲ್ಲೂ ಒಂದೇ ಬಗೆಯ ಪ್ರಶ್ನೆಗಳು ಕೇಳಿಬರುತ್ತವೆ. ಶಿವಮೊಗ್ಗ ನಗರದಲ್ಲಿ, ಜಿಲ್ಲೆಯ ಪಟ್ಟಣಗಳಲ್ಲಿ ಮತ್ತು ಸುತ್ತಲಿನ ಮಲೆನಾಡಿನ ಹಳ್ಳಿಗಳಲ್ಲಿ ಸ್ವಂತ ಮನೆ ಇರುವವರನ್ನು ಗಮನದಲ್ಲಿಟ್ಟು ಇಲ್ಲಿ ಉತ್ತರಗಳನ್ನು ಬರೆಯಲಾಗಿದೆ. ದರಗಳು ಊರಿಂದ ಊರಿಗೆ ಬದಲಾಗುವುದರಿಂದ ಹಣ ಕಟ್ಟುವ ಮುನ್ನ ನಿಮ್ಮ ಸ್ಥಳೀಯ ಸಂಸ್ಥೆಯ ಆ ವರ್ಷದ ದರಪಟ್ಟಿಯನ್ನು ನೋಡಿಕೊಳ್ಳಬೇಕು.

ಪ್ರಶ್ನೆ: ಮನೆ ತೆರಿಗೆಯನ್ನು ವಿಧಿಸುವವರು ಯಾರು? ರಾಜ್ಯ ಸರ್ಕಾರವೇ, ಪಾಲಿಕೆಯೇ?

ಭೂಮಿ ಮತ್ತು ಕಟ್ಟಡಗಳ ಮೇಲಿನ ತೆರಿಗೆ ಸಂವಿಧಾನದ ಪ್ರಕಾರ ರಾಜ್ಯಪಟ್ಟಿಗೆ ಸೇರಿದ ವಿಷಯ. ರಾಜ್ಯವು ಕಾನೂನಿನ ಮೂಲಕ ಆ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಿದೆ. 2013ರಲ್ಲಿ ಮಹಾನಗರ ಪಾಲಿಕೆಯಾದ ಶಿವಮೊಗ್ಗಕ್ಕೆ 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಅಧಿನಿಯಮ ಅನ್ವಯಿಸುತ್ತದೆ. ಭದ್ರಾವತಿ ಮತ್ತು ಸಾಗರದ ನಗರಸಭೆಗಳು, ಶಿಕಾರಿಪುರದ ಪುರಸಭೆ, ತೀರ್ಥಹಳ್ಳಿ, ಹೊಸನಗರ ಮತ್ತು ಜೋಗ-ಕಾರ್ಗಲ್‌ನ ಪಟ್ಟಣ ಪಂಚಾಯಿತಿಗಳು 1964ರ ಪುರಸಭೆಗಳ ಅಧಿನಿಯಮದಡಿ ತೆರಿಗೆ ವಿಧಿಸುತ್ತವೆ. ಹಳ್ಳಿಗಳಲ್ಲಿ 1993ರ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದಂತೆ ಗ್ರಾಮ ಪಂಚಾಯಿತಿಗೆ ಈ ಅಧಿಕಾರವಿದೆ. ಆದ್ದರಿಂದ ಶಿವಮೊಗ್ಗ ನಗರದ ಗಾಡಿಕೊಪ್ಪದಲ್ಲಿ ಮನೆ ಇರುವ ಅಣ್ಣನಿಗೂ ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯಲ್ಲಿ ಉಳಿದ ತಮ್ಮನಿಗೂ ತೆರಿಗೆಯ ಲೆಕ್ಕ, ನಮೂನೆ ಮತ್ತು ದಾಖಲೆಯ ಹೆಸರು ಮೂರೂ ಬೇರೆ ಬೇರೆಯಾಗಿರುತ್ತವೆ.

ಪ್ರಶ್ನೆ: ಯೂಟ್ಯೂಬ್‌ನಲ್ಲಿ ಎ, ಬಿ, ಸಿ ವಲಯಗಳ ಪ್ರಕಾರ ಲೆಕ್ಕ ತೋರಿಸುತ್ತಾರೆ. ನಮ್ಮ ಮನೆ ಯಾವ ವಲಯಕ್ಕೆ ಬರುತ್ತದೆ?

ಯಾವ ವಲಯಕ್ಕೂ ಬರುವುದಿಲ್ಲ. ಅದು ಬೆಂಗಳೂರಿನಲ್ಲಿ 2008ರಿಂದ ಜಾರಿಗೆ ಬಂದ ಯೂನಿಟ್ ಏರಿಯಾ ಪದ್ಧತಿ. ಶಿವಮೊಗ್ಗ ಸೇರಿದಂತೆ ರಾಜ್ಯದ ಉಳಿದ ನಗರಗಳಲ್ಲಿ ತೆರಿಗೆಯನ್ನು ಆಸ್ತಿಯ ಬಂಡವಾಳ ಮೌಲ್ಯದ ಮೇಲೆ ಲೆಕ್ಕ ಹಾಕಲಾಗುತ್ತದೆ.

ಪ್ರಶ್ನೆ: ಹಾಗಾದರೆ ನಗರದ ಮನೆಯೊಂದರ ತೆರಿಗೆಯನ್ನು ಲೆಕ್ಕ ಹಾಕುವುದು ಹೇಗೆ?

ನಿವೇಶನದ ಮೌಲ್ಯಕ್ಕೆ ಉಪನೋಂದಣಾಧಿಕಾರಿ ಕಚೇರಿಯ ಮಾರ್ಗಸೂಚಿ ದರವೇ (ಆಸ್ತಿ ನೋಂದಣಿಗಾಗಿ ಸರ್ಕಾರ ಪ್ರದೇಶವಾರು ನಿಗದಿಪಡಿಸುವ ಕನಿಷ್ಠ ಬೆಲೆ) ಆಧಾರ. ಅದಕ್ಕೆ ಕಟ್ಟಡದ ಮೌಲ್ಯವನ್ನು ಸೇರಿಸಿ, ಕಟ್ಟಡದ ವಯಸ್ಸಿಗೆ ತಕ್ಕಂತೆ ಸವಕಳಿಯನ್ನು ಕಳೆಯಲಾಗುತ್ತದೆ. 2021ರ ತಿದ್ದುಪಡಿಗೆ ಮೊದಲು, 2005-06ರ ಮಾರ್ಗಸೂಚಿ ದರದ ಶೇ 50ರಷ್ಟನ್ನು ಆಧಾರವಾಗಿಟ್ಟುಕೊಂಡು ಮೂರು ವರ್ಷಕ್ಕೊಮ್ಮೆ ಶೇ 15ರಿಂದ 30ರವರೆಗೆ ಏರಿಸುವ ಕ್ರಮವಿತ್ತು. ತಿದ್ದುಪಡಿಯ ನಂತರ ಚಾಲ್ತಿಯಲ್ಲಿರುವ ಮಾರ್ಗಸೂಚಿ ದರದ ಶೇ 25 ಆಧಾರವಾಯಿತು. ತೆರಿಗೆಯ ದರವನ್ನು ಶೇ 0.2ರಿಂದ 1.5ರೊಳಗೆ ಸ್ಥಳೀಯ ಸಂಸ್ಥೆಯೇ ನಿಗದಿಪಡಿಸುತ್ತದೆ, ಪ್ರತಿವರ್ಷ ಶೇ 3ರಿಂದ 5ರವರೆಗೆ ಏರಿಕೆ ಮಾಡುತ್ತದೆ. ಮೂರು ವರ್ಷಕ್ಕೊಮ್ಮೆ ಒಮ್ಮೆಲೇ ಬೀಳುತ್ತಿದ್ದ ಭಾರ ಹೀಗೆ ವರ್ಷವರ್ಷಕ್ಕೆ ಹಂಚಿಹೋಯಿತಾದರೂ, ನಿಮ್ಮ ಬಡಾವಣೆಯ ಮಾರ್ಗಸೂಚಿ ದರ ಪರಿಷ್ಕರಣೆಯಾದಾಗ ತೆರಿಗೆಯೂ ಅದರ ಹಿಂದೆಯೇ ಏರುತ್ತದೆ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ.

ಒಂದು ಕಾಲ್ಪನಿಕ ಲೆಕ್ಕವನ್ನು ನೋಡಬಹುದು. 30×40 ಅಡಿಯ ನಿವೇಶನ, ಅಂದರೆ 1,200 ಚದರಡಿ. ಮಾರ್ಗಸೂಚಿ ದರ ಚದರಡಿಗೆ ₹1,000 ಎಂದಿಟ್ಟುಕೊಂಡರೆ ನಿವೇಶನದ ಮೌಲ್ಯ ₹12 ಲಕ್ಷ. ಅದರಲ್ಲಿ 1,000 ಚದರಡಿಯ ಆರ್‌ಸಿಸಿ ಮನೆ ಇದ್ದು, ಚದರಡಿಗೆ ₹1,200ರಂತೆ ಮತ್ತೆ ₹12 ಲಕ್ಷ, ಶೇ 10ರ ಸವಕಳಿ ಕಳೆದರೆ ₹10.80 ಲಕ್ಷ. ಒಟ್ಟು ₹22.80 ಲಕ್ಷದ ಶೇ 25 ಎಂದರೆ ₹5.70 ಲಕ್ಷ. ಇದರ ಮೇಲೆ ಶೇ 0.5 ದರವಿದ್ದರೆ ತೆರಿಗೆ ₹2,850. ಇದಕ್ಕೆ ಶೇ 26ರ ಉಪಕರ (ವಿವರ ಮುಂದಿದೆ) ₹741 ಸೇರಿ ಒಟ್ಟು ₹3,591 ಆಗುತ್ತದೆ. ಇಲ್ಲಿನ ಚದರಡಿ ದರ, ಸವಕಳಿ ಮತ್ತು ತೆರಿಗೆಯ ದರ ಉದಾಹರಣೆಗಾಗಿ ಹಿಡಿದವು. ನಿಮ್ಮ ರಸೀದಿಯಲ್ಲಿ ಇರುವ ಅಂಕಿಗಳನ್ನು ಅವುಗಳ ಜಾಗದಲ್ಲಿಟ್ಟು ಕೂಡಿಸಿ ನೋಡಿ. ಲೆಕ್ಕ ತಾಳೆಯಾಗದಿದ್ದರೆ ಯಾವ ಕಾಲಂನಲ್ಲಿ ವ್ಯತ್ಯಾಸವಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಪ್ರಶ್ನೆ: ಲೆಕ್ಕ ಹಾಕುವುದು ಪಾಲಿಕೆಯ ಕೆಲಸವಲ್ಲವೇ? ನಾವೇಕೆ ತಲೆ ಕೆಡಿಸಿಕೊಳ್ಳಬೇಕು?

2002-03ರಿಂದ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಇರುವುದು ಸ್ವಯಂ ಘೋಷಣೆಯ ಪದ್ಧತಿ. ಎಷ್ಟು ಚದರಡಿ ಕಟ್ಟಿದ್ದೇನೆ, ಯಾವ ವರ್ಷ ಕಟ್ಟಿದ್ದೇನೆ, ಸ್ವಂತ ವಾಸಕ್ಕೋ ಅಂಗಡಿಗೋ ಎಂದು ಘೋಷಿಸಿ ಸಹಿ ಹಾಕುವವರು ನೀವು. ಪರಿಶೀಲಿಸುವ ಅಧಿಕಾರ ಮಾತ್ರ ಪಾಲಿಕೆಗೆ ಇರುತ್ತದೆ. ಕೌಂಟರ್‌ನಲ್ಲಿ ಕಳೆದ ವರ್ಷದ ಚಲನ್ ಕೊಟ್ಟು ‘ಇದರಂತೆಯೇ ಹಾಕಿಕೊಡಿ’ ಎನ್ನುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಹಳೆಯ ಚಲನ್‌ನಲ್ಲಿ ತಪ್ಪಿದ್ದರೆ ಆ ತಪ್ಪಿಗೇ ಪ್ರತಿವರ್ಷ ಸಹಿ ಬೀಳುತ್ತದೆ. ಮೇಲಂತಸ್ತು ಕಟ್ಟಿ ಹಲವು ವರ್ಷಗಳಾದರೂ ನೆಲಮಹಡಿಗಷ್ಟೇ ತೆರಿಗೆ ಕಟ್ಟುತ್ತ ಬಂದವರಿಗೆ, ಮನೆ ಮಾರುವ ಹೊತ್ತಿನಲ್ಲಿ ಹಿಂದಿನ ವ್ಯತ್ಯಾಸವನ್ನೂ ದಂಡವನ್ನೂ ಒಟ್ಟಿಗೆ ಕಟ್ಟಬೇಕಾಗಿ ಬರುವುದು ಅಪರೂಪವೇನಲ್ಲ.

ಪ್ರಶ್ನೆ: ರಸೀದಿಯಲ್ಲಿ ತೆರಿಗೆಯ ಕೆಳಗೆ ಇರುವ ಉಪಕರಗಳು ಯಾವುವು?

ನಗರಗಳಲ್ಲಿ ಆರೋಗ್ಯ ಉಪಕರ ಶೇ 15, ಗ್ರಂಥಾಲಯ ಉಪಕರ ಶೇ 6, ಭಿಕ್ಷುಕರ ಉಪಕರ ಶೇ 3, ನಗರ ಸಾರಿಗೆ ಉಪಕರ ಶೇ 2 ಇರುತ್ತವೆ. ಇವು ಆಸ್ತಿಯ ಮೌಲ್ಯದ ಮೇಲಲ್ಲ, ತೆರಿಗೆಯ ಮೊತ್ತದ ಮೇಲೆ ಬೀಳುವ ಶೇಕಡಾವಾರು ಮೊತ್ತಗಳು. ಗ್ರಾಮ ಪಂಚಾಯಿತಿಯಲ್ಲಿ ಆರೋಗ್ಯ, ಗ್ರಂಥಾಲಯ ಮತ್ತು ಭಿಕ್ಷುಕರ ಉಪಕರಗಳ ಜೊತೆಗೆ ಶೇ 10ರ ಶಿಕ್ಷಣ ಉಪಕರವೂ ಸೇರುತ್ತದೆ.

ಭಿಕ್ಷುಕರ ಉಪಕರವನ್ನು ಕಂಡು ಹುಬ್ಬೇರಿಸುವವರಿದ್ದಾರೆ. ಭಿಕ್ಷಾಟನೆಯನ್ನು ನಿಷೇಧಿಸಿದ 1975ರ ಅಧಿನಿಯಮವು ನಿರಾಶ್ರಿತರ ಪರಿಹಾರ ಕೇಂದ್ರಗಳ ವೆಚ್ಚಕ್ಕಾಗಿ ಈ ಉಪಕರಕ್ಕೆ ಅವಕಾಶ ಕಲ್ಪಿಸಿತು. ಗ್ರಂಥಾಲಯ ಉಪಕರಕ್ಕೆ 1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ ಆಧಾರ. ಸ್ಥಳೀಯ ಸಂಸ್ಥೆ ಇವನ್ನು ಸಂಗ್ರಹಿಸಿ ಸಂಬಂಧಪಟ್ಟ ಬಾಬ್ತಿಗೆ ಜಮಾ ಮಾಡಬೇಕು. ನಿಮ್ಮ ಬೀದಿಯ ಚರಂಡಿಗೆ ಈ ಹಣವನ್ನು ಬಳಸಲು ಬರುವುದಿಲ್ಲ. ಘನತ್ಯಾಜ್ಯ ನಿರ್ವಹಣಾ ಶುಲ್ಕವು ಇವುಗಳಿಂದ ಬೇರೆ, ನೀರಿನ ಬಿಲ್ಲು ಮತ್ತೂ ಬೇರೆ.

ಪ್ರಶ್ನೆ: ಏಪ್ರಿಲ್‌ನಲ್ಲೇ ಕಟ್ಟಿದರೆ ನಿಜವಾಗಿ ಲಾಭವಿದೆಯೇ?

ಇದೆ. ನಗರ ಸ್ಥಳೀಯ ಸಂಸ್ಥೆಗಳಲ್ಲಿ ಏಪ್ರಿಲ್ 30ರೊಳಗೆ ಪೂರ್ತಿ ಪಾವತಿಸಿದವರಿಗೆ ಶೇ 5ರ ರಿಯಾಯಿತಿ ಸಿಗುತ್ತದೆ. ಕೆಲವು ವರ್ಷ ಸರ್ಕಾರ ಈ ಗಡುವನ್ನು ವಿಸ್ತರಿಸಿದ್ದೂ ಉಂಟು. ಮೇ ಮತ್ತು ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈಯಿಂದ ತಿಂಗಳಿಗೆ ಶೇ 2ರಂತೆ ದಂಡ ಸೇರತೊಡಗುತ್ತದೆ. ಮೇಲಿನ ಉದಾಹರಣೆಯ ₹2,850ನ್ನೇ ತೆಗೆದುಕೊಂಡರೆ ಏಪ್ರಿಲ್‌ನಲ್ಲಿ ಕಟ್ಟುವವರಿಗೆ ಸುಮಾರು ₹142 ಉಳಿಯುತ್ತದೆ; ಮಾರ್ಚ್‌ವರೆಗೆ ಕಾಯುವವರಿಗೆ ಒಂಬತ್ತು ತಿಂಗಳ ದಂಡವಾಗಿ ₹513 ಹೆಚ್ಚಾಗುತ್ತದೆ. ಅಡಿಕೆ ಮಾರಿದ ದುಡ್ಡು ಕೈಗೆ ಬಂದ ಮೇಲೆ ಕಟ್ಟಿದರಾಯಿತು ಎಂದು ಮುಂದೂಡುವ ಮನೆಗಳಲ್ಲಿ ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡುವುದು ಒಳ್ಳೆಯದು, ಏಕೆಂದರೆ ವರ್ಷಕ್ಕೆ ಶೇ 24ರಷ್ಟಾಗುವ ಈ ದರ ಸಹಕಾರ ಸಂಘದ ಸಾಲದ ಬಡ್ಡಿಗಿಂತಲೂ ದುಬಾರಿ.

ಪ್ರಶ್ನೆ: ನಮ್ಮದು ಜಗುಲಿ, ಹಿತ್ತಿಲು, ಕೊಟ್ಟಿಗೆ ಇರುವ ಹಳೆಯ ಹೆಂಚಿನ ಮನೆ. ಅಳತೆ ತೆಗೆಯುವುದು ಹೇಗೆ?

ಅಳೆಯಬೇಕಾದದ್ದು ಮನೆಯ ಕಟ್ಟಿದ ಭಾಗವನ್ನು, ಇಡೀ ಹಿತ್ತಿಲನ್ನಲ್ಲ. ಕಂಬಗಳ ಮೇಲೆ ಮಾಡು ಇಳಿದಿರುವ ಮುಂದಿನ ಜಗುಲಿ ಕಟ್ಟಡಕ್ಕೆ ಸೇರುತ್ತದೆ. ಅಡಿಕೆ ಒಣಗಿಸುವ ಅಂಗಳವಾಗಲಿ, ಮಳೆಗಾಲ ಮುಗಿದ ಮೇಲೆ ಹಾಕಿ ಬೇಸಿಗೆ ಕಳೆದೊಡನೆ ಬಿಚ್ಚುವ ಚಪ್ಪರವಾಗಲಿ ಶಾಶ್ವತ ಕಟ್ಟಡವಲ್ಲ. ಟೇಪು ಹಿಡಿದಾಗ ಸೂರಿನ ಅಂಚಿನಿಂದಲ್ಲ, ಗೋಡೆಯ ಹೊರಮೈಯಿಂದ ಅಳೆಯಬೇಕು. ಮಲೆನಾಡಿನ ಮಳೆಗೆ ಮಣ್ಣಿನ ಗೋಡೆ ನೆನೆಯಬಾರದೆಂದು ಸೂರನ್ನು ಎರಡು ಮೂರು ಅಡಿ ಹೊರಚಾಚಿ ಇಳಿಸಿರುತ್ತೇವಷ್ಟೆ. ಆ ಚಾಚನ್ನೂ ಸೇರಿಸಿ ನಾಲ್ಕೂ ಬದಿ ಅಳೆದರೆ ಸಾಮಾನ್ಯ ಗಾತ್ರದ ಮನೆಗೇ ನೂರಾರು ಚದರಡಿ ಹೆಚ್ಚುವರಿಯಾಗಿ ದಾಖಲಾಗಿಬಿಡುತ್ತದೆ.

ಕಟ್ಟಡದ ವರ್ಗವೂ ಅಷ್ಟೇ ಮುಖ್ಯ. ಹೆಂಚು ಅಥವಾ ಶೀಟಿನ ಮಾಡಿನ ಮನೆಗೂ ಆರ್‌ಸಿಸಿ ಮನೆಗೂ ನಿರ್ಮಾಣ ದರ ಬೇರೆಯಾಗಿರುತ್ತದೆ. ಹಿಂಭಾಗದ ಅಡುಗೆಮನೆಗೆ ಮಾತ್ರ ತಾರಸಿ ಹಾಕಿಸಿದ್ದರೆ ಎರಡು ಭಾಗಗಳನ್ನೂ ಪ್ರತ್ಯೇಕ ಸಾಲುಗಳಲ್ಲಿ, ಪ್ರತ್ಯೇಕ ನಿರ್ಮಾಣ ವರ್ಷದೊಂದಿಗೆ ನಮೂದಿಸಿ. ದುರ್ಗಿಗುಡಿಯಂತಹ ಹಳೆಯ ಬಡಾವಣೆಯಲ್ಲಿ ತಾತನ ಕಾಲದ ಮನೆ ಇದ್ದವರು ನಿರ್ಮಾಣ ವರ್ಷದ ಕಾಲಂ ಖಾಲಿ ಬಿಟ್ಟರೆ ಅವರಿಗೆ ನ್ಯಾಯವಾಗಿ ಸಿಗಬೇಕಾದ ಸವಕಳಿ ಸಿಗದೆ ಹೋಗಬಹುದು.

ಪ್ರಶ್ನೆ: ಆಷಾಢದ ಮಳೆಯಲ್ಲಿ ಮನೆಯ ಒಂದು ಭಾಗ ಕುಸಿದಿದೆ. ತೆರಿಗೆ ಕಡಿಮೆಯಾಗುತ್ತದೆಯೇ?

ತಾನಾಗಿ ಕಡಿಮೆಯಾಗುವುದಿಲ್ಲ. ಕುಸಿದ ಭಾಗದ ವಿಸ್ತೀರ್ಣವನ್ನು ತಿಳಿಸಿ ಲಿಖಿತ ಅರ್ಜಿ ಕೊಡಬೇಕು. ಪರಿಹಾರಕ್ಕಾಗಿ ಕಂದಾಯ ಇಲಾಖೆಯವರು ಬಂದು ಮಾಡಿದ ಪಂಚನಾಮೆಯ ಪ್ರತಿ ಇದ್ದರೆ ಅದನ್ನೂ ಲಗತ್ತಿಸಿ.

ಪ್ರಶ್ನೆ: ತೋಟದ ನಡುವೆ ಮನೆ ಇದೆ. ಜಮೀನಿಗೆ ಕಂದಾಯ ಕಟ್ಟುತ್ತಿದ್ದೇವೆ. ಮನೆಗೂ ತೆರಿಗೆ ಏಕೆ?

ಪಹಣಿಯಲ್ಲಿರುವ ತೋಟ, ಗದ್ದೆಗಳಿಗೆ ಕಟ್ಟುವುದು ಭೂಕಂದಾಯ. ಅದು 1964ರ ಭೂಕಂದಾಯ ಅಧಿನಿಯಮದಡಿ ಗ್ರಾಮ ಆಡಳಿತಾಧಿಕಾರಿಯ ಮೂಲಕ ಸರ್ಕಾರಕ್ಕೆ ಹೋಗುತ್ತದೆ. ಕಟ್ಟಡಗಳಿಗೂ ಕೃಷಿ ಕಂದಾಯಕ್ಕೆ ಒಳಪಡದ ಜಾಗಗಳಿಗೂ ತೆರಿಗೆ ವಿಧಿಸುವ ಅಧಿಕಾರ ಪಂಚಾಯತ್ ರಾಜ್ ಅಧಿನಿಯಮದ 199ನೇ ಪ್ರಕರಣದಂತೆ ಗ್ರಾಮ ಪಂಚಾಯಿತಿಗಿದೆ. ಹೀಗಾಗಿ ಅಡಿಕೆ ತೋಟಕ್ಕೆ ಪಂಚಾಯಿತಿ ತೆರಿಗೆ ಹಾಕುವಂತಿಲ್ಲ, ಆದರೆ ತೋಟದಲ್ಲಿರುವ ಮನೆಗೆ ಹಾಕಬಹುದು. ಒಂದರ ರಸೀದಿ ಇನ್ನೊಂದಕ್ಕೆ ಸಲ್ಲುವುದಿಲ್ಲ.

ಪ್ರಶ್ನೆ: ನಮೂನೆ 9, 11ಎ, 11ಬಿ ಎಂದರೆ ಏನು?

ಇವು ಗ್ರಾಮ ಪಂಚಾಯಿತಿ ಇ-ಸ್ವತ್ತು ತಂತ್ರಾಂಶದ ಮೂಲಕ ಕೊಡುವ ದಾಖಲೆಗಳು. ಗ್ರಾಮಠಾಣಾ (ಊರಿನ ವಸತಿ ಪ್ರದೇಶ) ಒಳಗಿನ ಮನೆ, ಭೂ ಪರಿವರ್ತನೆಯಾಗಿ ವಿನ್ಯಾಸ ಅನುಮೋದನೆ ಪಡೆದ ನಿವೇಶನ, ಸರ್ಕಾರಿ ವಸತಿ ಯೋಜನೆಯಲ್ಲಿ ಹಂಚಿಕೆಯಾದ ಮನೆ ಇಂಥವಕ್ಕೆ ನಮೂನೆ 9 ಮತ್ತು 11ಎ ಸಿಗುತ್ತವೆ. ಮೊದಲನೆಯದು ಆಸ್ತಿಯ ದಾಖಲೆ, ಎರಡನೆಯದು ತೆರಿಗೆ ಬೇಡಿಕೆ ಮತ್ತು ವಸೂಲಿಯ ವಹಿಯ ಉದ್ಧರಣ. ಅನುಮೋದನೆಯಿಲ್ಲದ ನಿವೇಶನ, ಕಟ್ಟಡಗಳು 11ಬಿ ಅಡಿ ಬರುತ್ತವೆ. ಬ್ಯಾಂಕಿನವರು ಸಾಲಕ್ಕಾಗಿ ಮೊದಲು ಕೇಳುವುದು 9 ಮತ್ತು 11ಎ.

ಪ್ರಶ್ನೆ: ಮೂವತ್ತು ವರ್ಷಗಳಿಂದ ತಪ್ಪದೆ ತೆರಿಗೆ ಕಟ್ಟಿದ ರಸೀದಿಗಳಿವೆ. ಜಾಗ ನಮ್ಮದೆಂದು ಸಾಬೀತಾಗುವುದಿಲ್ಲವೇ?

ಮಲೆನಾಡಿನಲ್ಲಿ ಇಷ್ಟು ತೂಕದ ಪ್ರಶ್ನೆ ಇನ್ನೊಂದಿಲ್ಲ. ಇದಕ್ಕೆ ನೇರ ಉತ್ತರವೆಂದರೆ, ಸಾಬೀತಾಗುವುದಿಲ್ಲ. ತೆರಿಗೆ ರಸೀದಿಯಾಗಲಿ ಖಾತೆಯಾಗಲಿ ಒಡೆತನವನ್ನು ಸೃಷ್ಟಿಸುವುದಿಲ್ಲವೆಂದೂ ಅವು ತೆರಿಗೆ ವಸೂಲಿಯ ಉದ್ದೇಶಕ್ಕಾಗಿ ಇಡುವ ದಾಖಲೆಗಳೆಂದೂ ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿದೆ. ಒಡೆತನ ಬರುವುದು ನೋಂದಾಯಿತ ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಸರ್ಕಾರದ ಹಕ್ಕುಪತ್ರ, ಉತ್ತರಾಧಿಕಾರ ಅಥವಾ ನ್ಯಾಯಾಲಯದ ಡಿಕ್ರಿಯಿಂದ.

ಸಾಗರ, ಹೊಸನಗರ, ತೀರ್ಥಹಳ್ಳಿ, ಸೊರಬದ ಕಡೆ ಸೊಪ್ಪಿನಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರುವ ಬೆಟ್ಟ), ಗೋಮಾಳದಲ್ಲಿ, ಅರಣ್ಯದ ಅಂಚಿನಲ್ಲಿ ಎರಡು ಮೂರು ತಲೆಮಾರಿನಿಂದ ನಿಂತ ಮನೆಗಳಿವೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಕಳೆದುಕೊಂಡು ಬೇರೆಡೆ ನೆಲೆಸಿದ ಶರಾವತಿ ಮುಳುಗಡೆ ಸಂತ್ರಸ್ತರಲ್ಲಿ ಹಕ್ಕುಪತ್ರದ ಪ್ರಶ್ನೆ ಇಂದಿಗೂ ಪೂರ್ತಿ ಬಗೆಹರಿದಿಲ್ಲ. ನಾಡಿಗೆ ಬೆಳಕು ಕೊಟ್ಟವರ ಮಕ್ಕಳು ಮನೆ ತೆರಿಗೆ ಕಟ್ಟಿಯೂ ಮನೆಯ ಮೇಲೆ ಸಾಲ ಪಡೆಯಲಾಗದ ಸ್ಥಿತಿ ಅನ್ಯಾಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಅನ್ಯಾಯಕ್ಕೆ ಪರಿಹಾರ ತೆರಿಗೆ ರಸೀದಿಯಲ್ಲಿ ಸಿಗುವಂಥದ್ದಲ್ಲ. ಕಂದಾಯ ಇಲಾಖೆಯ ಸರ್ಕಾರಿ ಜಾಗದಲ್ಲಿ ಮನೆ ಇದ್ದರೆ ಗ್ರಾಮೀಣ ಪ್ರದೇಶದಲ್ಲಿ ಭೂಕಂದಾಯ ಅಧಿನಿಯಮದ 94ಸಿ, ನಗರ ಪ್ರದೇಶದಲ್ಲಿ 94ಸಿಸಿ ಪ್ರಕರಣದಡಿ, ನಿಗದಿತ ಷರತ್ತುಗಳಿಗೆ ಒಳಪಟ್ಟು ತಹಶೀಲ್ದಾರರಲ್ಲಿ ಸಕ್ರಮಕ್ಕೆ ಅರ್ಜಿ ಹಾಕಬೇಕು. ಅರಣ್ಯ ಭೂಮಿಗೆ ಈ ಪ್ರಕರಣಗಳು ಅನ್ವಯಿಸುವುದಿಲ್ಲ, ಅಲ್ಲಿ ಅರಣ್ಯ ಹಕ್ಕು ಕಾಯ್ದೆಯ ದಾರಿಯೇ ಬೇರೆ.

ಹಾಗೆಂದು ಹಳೆಯ ರಸೀದಿಗಳನ್ನು ಎಸೆಯುವುದು ಅವಿವೇಕ. ಇಂಥ ವರ್ಷದಿಂದ ಇದೇ ಜಾಗದಲ್ಲಿ ವಾಸವಿದ್ದೇವೆ ಎಂದು ತೋರಿಸಲು ವಿದ್ಯುತ್ ಬಿಲ್ಲು, ಮತದಾರರ ಪಟ್ಟಿ ಮತ್ತು ಪಡಿತರ ಚೀಟಿಯ ಜೊತೆಗೆ ತೆರಿಗೆ ರಸೀದಿಯೂ ಪೂರಕ ಸಾಕ್ಷ್ಯವಾಗುತ್ತದೆ.

ಪ್ರಶ್ನೆ: ನಗರದಲ್ಲಿ ಬಿ ಖಾತೆ ಮಾಡಿಸಿಕೊಂಡರೆ ಮನೆ ಸಕ್ರಮವಾದಂತೆಯೇ?

ಅಲ್ಲ. ಅನುಮೋದನೆಯಿಲ್ಲದ ಬಡಾವಣೆಯ ನಿವೇಶನಗಳನ್ನೂ ತೆರಿಗೆ ವ್ಯಾಪ್ತಿಗೆ ತರಲು 2025ರ ಫೆಬ್ರವರಿಯಿಂದ ರಾಜ್ಯದ ನಗರಗಳಲ್ಲಿ ಬಿ ಖಾತೆ ಅಭಿಯಾನ ನಡೆಯಿತು. ಅಂಥ ಕಂದಾಯ ನಿವೇಶನಗಳಲ್ಲಿ ಮನೆ ಕಟ್ಟಿಕೊಂಡವರಿಗೆ ಕೈಗೊಂದು ದಾಖಲೆ ಸಿಕ್ಕಿತೆಂಬುದು ನಿಜ. ಆದರೆ ತೆರಿಗೆ ಪಡೆದ ಮಾತ್ರಕ್ಕೆ ಕಾನೂನು ಉಲ್ಲಂಘನೆ ಸರಿಯಾಯಿತೆಂದು ಅರ್ಥವಲ್ಲ ಎಂಬುದೂ ಅಷ್ಟೇ ನಿಜ. ಬಿ ಖಾತೆಯ ಮನೆ ಕೊಳ್ಳುವವರು ಬೆಲೆ ಮಾತಾಡುವಾಗ ಇದನ್ನು ಮರೆಯಬಾರದು.

ಪ್ರಶ್ನೆ: ಮನೆ ಕೊಳ್ಳುವಾಗ ತೆರಿಗೆಯ ವಿಷಯದಲ್ಲಿ ಏನು ನೋಡಬೇಕು?

ಬಾಕಿ ತೆರಿಗೆ ಆಸ್ತಿಯ ಮೇಲಿನ ಋಣ. ಮಾಲೀಕ ಬದಲಾದರೂ ಅದು ಆಸ್ತಿಯ ಬೆನ್ನು ಬಿಡುವುದಿಲ್ಲ. ಕೊನೆಯ ರಸೀದಿಯೊಂದನ್ನೇ ನೋಡಿ ಸುಮ್ಮನಾಗದೆ, ಬಾಕಿ ಇಲ್ಲವೆಂಬುದನ್ನು ಪಿಐಡಿ (ಆಸ್ತಿ ಗುರುತಿನ) ಸಂಖ್ಯೆಯ ಮೂಲಕ ಖಚಿತಪಡಿಸಿಕೊಳ್ಳಿ. 2024ರ ಅಕ್ಟೋಬರ್‌ನಿಂದ ರಾಜ್ಯದಾದ್ಯಂತ ಸ್ಥಿರಾಸ್ತಿ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿರುವುದರಿಂದ ನಗರಗಳ ಇ-ಆಸ್ತಿ ತಂತ್ರಾಂಶದಲ್ಲಿರುವ ಅಳತೆ, ಚೆಕ್ಕುಬಂದಿ ಮತ್ತು ಹೆಸರು ಕ್ರಯಪತ್ರದೊಂದಿಗೆ ಹೊಂದುತ್ತವೆಯೇ ಎಂದು ಮುಂಗಡ ಕೊಡುವ ಮೊದಲೇ ನೋಡಬೇಕು. ಬಡಾವಣೆ ಹೊಸದಾಗಿದ್ದರೆ, ಸೂಡಾ (ಶಿವಮೊಗ್ಗ ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದನೆ ದೊರೆತಿದೆಯೇ, ಬಡಾವಣೆ ಪಾಲಿಕೆಗೆ ಹಸ್ತಾಂತರವಾಗಿದೆಯೇ ಎಂಬ ಎರಡು ಪ್ರಶ್ನೆಗಳನ್ನೂ ಕೇಳಿ. ಹಸ್ತಾಂತರವಾಗದ ಬಡಾವಣೆಯಲ್ಲಿ ಬೀದಿದೀಪ ಕೆಟ್ಟರೆ ಯಾರನ್ನು ಕೇಳಬೇಕೆಂಬುದೇ ತಿಳಿಯದೆ ನಿವಾಸಿಗಳು ಅಲೆಯುತ್ತಾರೆ.

ಪ್ರಶ್ನೆ: ತಂದೆ ತೀರಿಕೊಂಡಿದ್ದಾರೆ. ಖಾತೆ ಅವರ ಹೆಸರಿನಲ್ಲೇ ಇದೆ. ತೆರಿಗೆ ಕಟ್ಟಬಹುದೇ?

ಕಟ್ಟಬಹುದು, ಕಟ್ಟಲೇಬೇಕು, ರಸೀದಿ ಮಾತ್ರ ತಂದೆಯ ಹೆಸರಿನಲ್ಲೇ ಬರುತ್ತದೆ. ಮರಣ ಪ್ರಮಾಣಪತ್ರ ಮತ್ತು ನಾಡಕಚೇರಿಯಿಂದ ಪಡೆದ ವಂಶವೃಕ್ಷದೊಂದಿಗೆ ಪೌತಿ ಖಾತೆಗೆ (ಮೃತರ ಖಾತೆಯನ್ನು ವಾರಸುದಾರರಿಗೆ ವರ್ಗಾಯಿಸಲು) ಅರ್ಜಿ ಹಾಕಿದರೆ ಎಲ್ಲ ವಾರಸುದಾರರ ಹೆಸರು ಜಂಟಿಯಾಗಿ ಬರುತ್ತದೆ. ಒಬ್ಬರ ಹೆಸರಿಗೇ ಆಗಬೇಕಿದ್ದರೆ ನೋಂದಾಯಿತ ವಿಭಾಗಪತ್ರ ಅಥವಾ ಹಕ್ಕುಬಿಡುಗಡೆ ಪತ್ರ ಬೇಕು. ಊರಿನಲ್ಲಿರುವ ಮಗ ತೆರಿಗೆ ಕಟ್ಟುತ್ತಾನೆಂಬ ಕಾರಣಕ್ಕೆ ಬೆಂಗಳೂರಿನಲ್ಲಿರುವ ಮಗನ ಅಥವಾ ಮದುವೆಯಾಗಿ ಹೋದ ಮಗಳ ಪಾಲು ಕರಗುವುದಿಲ್ಲ. ವರ್ಷಗಟ್ಟಲೆ ಮುಂದೂಡಿದರೆ ವಂಶವೃಕ್ಷಕ್ಕೆ ಹೊಸ ಕೊಂಬೆಗಳು ಮೂಡಿ ಸಹಿ ಹಾಕಬೇಕಾದವರ ಪಟ್ಟಿ ಬೆಳೆಯುತ್ತ ಹೋಗುತ್ತದೆ.

ಪ್ರಶ್ನೆ: ಮುಂದಿನ ಕೋಣೆಯನ್ನು ಅಂಗಡಿಗೆ ಬಾಡಿಗೆ ಕೊಟ್ಟಿದ್ದೇವೆ. ಅದನ್ನೂ ಘೋಷಿಸಬೇಕೇ?

ಹೌದು. ಅಂಗಡಿಯ ಭಾಗಕ್ಕೆ ವಾಣಿಜ್ಯ ದರ, ಉಳಿದ ಭಾಗಕ್ಕೆ ವಾಸದ ದರ ಅನ್ವಯಿಸುತ್ತದೆ. ಮನೆಯನ್ನು ಹೋಮ್‌ಸ್ಟೇ ಮಾಡಿದವರೂ ಬಳಕೆಯ ಬದಲಾವಣೆಯನ್ನು ಮುಚ್ಚಿಡದೆ, ಪ್ರವಾಸೋದ್ಯಮ ಇಲಾಖೆಯ ನೋಂದಣಿ ಪತ್ರದೊಂದಿಗೆ ಪಂಚಾಯಿತಿಯಲ್ಲಿ ಯಾವ ದರವೆಂದು ಲಿಖಿತವಾಗಿ ಕೇಳಿಕೊಳ್ಳುವುದು ಕ್ಷೇಮ. ಬಾಡಿಗೆ ಆದಾಯದ ಮೇಲೆ ಆದಾಯ ತೆರಿಗೆ ಕಟ್ಟುವವರು, ಆ ವರ್ಷದಲ್ಲಿ ತಾವೇ ನಿಜವಾಗಿ ಪಾವತಿಸಿದ ಮನೆ ತೆರಿಗೆಯನ್ನು ಬಾಡಿಗೆಯಿಂದ ಕಳೆದು ತೋರಿಸಬಹುದು. ಬಾಕಿ ಉಳಿಸಿಕೊಂಡ ತೆರಿಗೆಗೆ ಈ ಅನುಕೂಲವಿಲ್ಲ.

ಪ್ರಶ್ನೆ: ಲೆಕ್ಕದಲ್ಲಿ ತಪ್ಪಾಗಿದೆ, ಅಥವಾ ಹೆಚ್ಚು ಬೇಡಿಕೆಯ ನೋಟಿಸ್ ಬಂದಿದೆ. ಏನು ಮಾಡಬೇಕು?

ಕೌಂಟರ್‌ನಲ್ಲಿ ವಾದಿಸಿ ಪ್ರಯೋಜನವಿಲ್ಲ, ಅಲ್ಲಿ ಕುಳಿತವರಿಗೆ ತಿದ್ದುವ ಅಧಿಕಾರವಿರುವುದಿಲ್ಲ. ನೋಟಿಸಿನಲ್ಲಿ ಕೊಟ್ಟ ಅವಧಿಯೊಳಗೆ ನಗರದಲ್ಲಿ ಆಯುಕ್ತರಿಗೆ ಅಥವಾ ಮುಖ್ಯಾಧಿಕಾರಿಗೆ, ಹಳ್ಳಿಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೆ ಲಿಖಿತ ಆಕ್ಷೇಪಣೆ ಸಲ್ಲಿಸಿ. ‘ತೆರಿಗೆ ವಿಪರೀತವಾಗಿದೆ’ ಎಂಬ ಒಂದು ಸಾಲಿನ ದೂರಿಗಿಂತ ‘ಎರಡನೇ ಕಾಲಂನಲ್ಲಿ 1,450 ಚದರಡಿ ಎಂದಿದೆ, ಅನುಮೋದಿತ ನಕ್ಷೆಯಂತೆ 1,150 ಇದೆ, ನಕ್ಷೆಯ ಪ್ರತಿ ಲಗತ್ತಿಸಿದೆ’ ಎಂಬ ಅರ್ಜಿಗೆ ಬೆಲೆ ಹೆಚ್ಚು. ಸ್ವೀಕೃತಿಯ ಮೊಹರಿಲ್ಲದೆ ಕಚೇರಿಯಿಂದ ಹೊರಬರಬೇಡಿ. ನಿಗದಿತ ಅವಧಿಯಲ್ಲಿ ಸೇವೆ ಕೊಡಬೇಕೆನ್ನುವ 2011ರ ಸಕಾಲ ಅಧಿನಿಯಮದ ವ್ಯಾಪ್ತಿಗೆ ಬರುವ ಖಾತೆ ಸಂಬಂಧಿ ಸೇವೆಗಳಾದರೆ ಸಕಾಲದ ಸ್ವೀಕೃತಿ ಸಂಖ್ಯೆಯನ್ನು ಕೇಳಿ ಪಡೆಯಿರಿ. ಅವಧಿ ಮೀರಿದರೆ ಮೇಲ್ಮನವಿಗೆ ಅದೇ ಆಧಾರ. ಆಕ್ಷೇಪಣೆ ಇತ್ಯರ್ಥವಾಗುವವರೆಗೆ ಏನನ್ನೂ ಕಟ್ಟದೆ ಕುಳಿತರೆ ದಂಡ ಬೆಳೆಯುತ್ತದೆ, ಆದ್ದರಿಂದ ವಿವಾದವಿಲ್ಲದ ಮೊತ್ತವನ್ನು ಕಟ್ಟಿ, ಆ ಚಲನ್‌ನ ಪ್ರತಿಯನ್ನೂ ಅರ್ಜಿಗೆ ಸೇರಿಸುವುದು ಒಳಿತು.

ಪ್ರಶ್ನೆ: ಹಳ್ಳಿಯಲ್ಲಿ ಕರ ವಸೂಲಿಗಾರರು ಮನೆಗೇ ಬರುತ್ತಾರೆ. ಅವರ ಕೈಗೆ ಹಣ ಕೊಡಬಹುದೇ?

ಕೊಡಬಹುದು, ಆದರೆ ಯಂತ್ರದಿಂದ ಮುದ್ರಿತವಾದ ಅಥವಾ ಸಂಖ್ಯೆಯುಳ್ಳ ರಸೀದಿ ಅಲ್ಲಿಯೇ ಕೈಗೆ ಬರಬೇಕು; ‘ನಾಳೆ ಕಚೇರಿಯಲ್ಲಿ ಕೊಡುತ್ತೇನೆ’ ಎಂಬ ಮಾತಿಗೆ ಒಪ್ಪಬೇಡಿ. ರಸೀದಿಯಲ್ಲಿ ಆಸ್ತಿ ಸಂಖ್ಯೆ ಮತ್ತು ಯಾವ ವರ್ಷದ ಬಾಬ್ತು ಎಂಬುದನ್ನು ಓದಿಕೊಳ್ಳಿ, ಏಕೆಂದರೆ ಹಳೆಯ ಬಾಕಿ ಇದ್ದಲ್ಲಿ ಕೊಟ್ಟ ಹಣ ಅದಕ್ಕೆ ಜಮಾ ಆಗಿ ಈ ವರ್ಷದ್ದು ಹಾಗೆಯೇ ಉಳಿದಿರಬಹುದು. ಯಂತ್ರದ ರಸೀದಿಯ ಅಕ್ಷರಗಳು ಮಲೆನಾಡಿನ ಒಂದೇ ಮಳೆಗಾಲದ ತೇವಕ್ಕೆ ಮಾಸಿಹೋಗುತ್ತವೆ, ಆದಕಾರಣ ಅದೇ ದಿನ ಅದರ ಫೋಟೊ ಅಥವಾ ಜೆರಾಕ್ಸ್ ತೆಗೆದಿಡಿ.